ಟಿಕ್‌ಟಿಕ್ ತಗ್ಗಿಸಿಕೊಟ್ಟ ಮಾಸ್ತರರು

ಹಳೆಯ ಪಿಕಪ್ ಮಾರುವ ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಕಸ ತೆಗೆಯುತ್ತಿದ್ದೆ. ಸೈಕಲ್ ಟ್ಯೂಬಿನ ಒಂದು ತುಂಡು ಕೈಗೆ ಸಿಕ್ಕಿತು. ಮೂಸಿದೆ. ರಬ್ಬರಿನ ವಾಸನೆ, ಜೊತೆಗೆ ಮೆಣಸಿನಕಾಯಿಯ ಘಾಟು. ಒಂದು ಸೀನು ಬಂತು, ಹಿಂದೆಯೇ ರಾಣೆಬೆನ್ನೂರಿನ ವೈರಿಂಗ್ ಮಾಸ್ತರರ ನೆನಪೂ ಬಂತು...

ಗಾಡಿ ತಂದ ಹೊಸದರಲ್ಲಿ ಹಾವೇರಿ ಸುತ್ತಲಿನ ಹಳ್ಳಿಗಳಿಂದ ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಸಾಗಿಸುತ್ತಿದ್ದೆ. ಗಾಡಿ ಎಲ್ಲ ಚೆನ್ನಾಗಿತ್ತು, ಇಂಡಿಕೇಟರ್ ಸದ್ದೊಂದನ್ನು ಬಿಟ್ಟು. ಕದರಮಂಡಲಗಿ ತಿರುವಿನಲ್ಲಿ ಹಾಕಿದೆನೆಂದರೆ ಕಿವಿಯ ಪಕ್ಕದಲ್ಲೇ ಯಾರೋ ಅಡಿಕೆ ಕುಟ್ಟಿದ ಹಾಗೆ ಟಕ್, ಟಕ್, ಟಕ್. ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನ ಸಿಟ್ಟಿನಲ್ಲಿ ಸದ್ದು ಮಾಡುವ ಡಬ್ಬಿಯನ್ನೇ ಕಿತ್ತು ಜೇಬಿಗಿಳಿಸಿದೆ. ಸದ್ದು ನಿಂತಿತು, ದೀಪವೂ ನಿಂತಿತು! ದೀಪ ಮಿಣುಕಿಸುವುದೂ ಅದೇ ಡಬ್ಬಿ ಅಂತ ನನಗೇನು ಗೊತ್ತು? ತಿರುವು ಬಂದಾಗೆಲ್ಲ ಕಿಟಕಿಯಿಂದ ಕೈ ಚಾಚುತ್ತಾ ರಾಣೆಬೆನ್ನೂರು ಸೇರಿದೆ.

ಸದ್ದು ಕೇಳಿಯೇ ಗಾಡಿಯ ರೋಗ ಹೇಳುವವರೆಂದು ಮಾಸ್ತರರಿಗೆ ಹೆಸರಿತ್ತು. ನನ್ನ ತುಟಿಯನ್ನೇ ನೋಡುತ್ತಾ ದೂರು ಕೇಳಿದರು, ಡಬ್ಬಿ ನೋಡಿ ನಕ್ಕರು.

"ಬಾಯಿ ಮುಚ್ಚಸೂದ ಬಿಟ್ಟು ನಾಲಿಗೀನ ಕಿತಗೊಂಡ ಬಂದೀರಲ್ರೀ!"

ಡಬ್ಬಿಯನ್ನು ಸೈಕಲ್ ಟ್ಯೂಬಿನಲ್ಲಿ ಸುತ್ತಿ, ತಗಡಿಗೆ ತಾಗದಂತೆ ವೈರುಗಳ ನಡುವೆ ಕಟ್ಟಿದರು. ಒಳಗಿನ ಮೆಣಸಿನ ಧೂಳಿಗೆ ಇಬ್ಬರೂ ಸೀನಿ ಸೀನಿ ಸುಸ್ತಾದೆವು. ಸದ್ದು ಹಿತವಾಗಿ ತಗ್ಗಿತು. ಅವರ ಬೆನ್ನ ಹಿಂದೆ ನಿಂತು "ಸಾಕ್ ಬಿಡ್ರಿ ಮಾಸ್ತರ" ಎಂದು ಎರಡು ಸಲ ಕೂಗಿದೆ. ಅವರು ತಿರುಗಲೇ ಇಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ, ನಡುಕ ಎಷ್ಟಿದೆ ಎಂದು ನೋಡುತ್ತಿದ್ದರು. ಆಗ ನನಗೆ ಅರ್ಥವಾಯಿತು.

ಎದುರಿಗೆ ಹೋಗಿ ನನ್ನ ಕಿವಿ ಮುಟ್ಟಿ ತೋರಿಸಿದೆ. ಅವರ ಮುಖ ಸಣ್ಣದಾಯಿತು.

"ಹೌದ್ರಿ, ಎರಡು ವರ್ಷ ಆತು. ಯಾರ ಮುಂದನೂ ಅನಬ್ಯಾಡ್ರಿ. ಕಿವುಡನ ಕಡೆ ಯಾರ ಗಾಡಿ ತರ್ತಾರ?"

ಅನ್ನುವುದಿಲ್ಲ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಆದರೆ ನನ್ನ ಬಾಯಿ ಎಂಥದ್ದೆಂದು ನಮ್ಮ ಮನೆಯವರನ್ನು ಕೇಳಬೇಕು. ವಾರ ಕಳೆಯುವಷ್ಟರಲ್ಲಿ, ಬ್ಯಾಡಗಿಯಲ್ಲಿ ಚೀಲ ಇಳಿಸಲು ಕಾಯುತ್ತಾ ಚಹಾದಂಗಡಿಯಲ್ಲಿ ಕೂತಾಗ, ಕಿವುಡ ಮಾಸ್ತರರು ಸದ್ದು ತಗ್ಗಿಸಿದ ಕಥೆಯನ್ನು ಅಭಿನಯಿಸಿಯೇ ತೋರಿಸಿದೆ. ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರೇ ಬೇರೆ ಅಂಗಡಿ ಹಿಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮಾಸ್ತರರ ಅಂಗಡಿಗೆ ಬೀಗ ಬಿದ್ದಿತ್ತು. ಮುಖ ತೋರಿಸಲಾಗದೆ ನಾನು ಆ ಓಣಿಯನ್ನೇ ಬಿಟ್ಟುಬಿಟ್ಟೆ.

ಅವರನ್ನು ಮಾತ್ರ ಬಿಡಲಾಗಲಿಲ್ಲ. ಪ್ರತಿ ತಿರುವಿನಲ್ಲೂ ಆ ಮೆತ್ತನೆಯ ಟಿಕ್‌ಟಿಕ್ ಕೇಳಿದಾಗ, ಇನ್ನೊಮ್ಮೆ ಅವರ ಪಕ್ಕ ಕೂತು ಸೀನಬೇಕು, ಬೈಸಿಕೊಳ್ಳಬೇಕು ಅನ್ನಿಸುತ್ತಿತ್ತು...

ಟ್ಯೂಬಿನ ತುಂಡು ಸಿಕ್ಕ ಮರುದಿನ ಧೈರ್ಯ ಮಾಡಿ ಅವರ ಮನೆ ಹುಡುಕಿಕೊಂಡು ಹೋದೆ. ತಪ್ಪಾಯಿತು ಅನ್ನಬೇಕಿತ್ತು. ಮಾಸ್ತರರು ತೀರಿಕೊಂಡು ವರ್ಷವಾಗಿತ್ತು. ನಾನು ಯಾರೆಂದು ಅವರ ಹೆಂಡತಿ ಕೇಳಿದರು. ಇಂಡಿಕೇಟರ್ ರಿಪೇರಿಯ ಗುರುತು ಹೇಳಿದೆ. ಅವರ ಕಣ್ಣು ತುಂಬಿ ಬಂತು.

"ನೀವೇನ್ರಿ ಅವ್ರು? ಕಿವಿ ವಿಷಯ ಯಾರ ಹೇಳಿದ್ರೋ ಗೊತ್ತಾಗಲಿಲ್ರಿ. ಹಾವೇರಿ ಪಿಕಪ್ಪಿನವ್ರು ಮಾತ್ರ ಹೇಳಿರಂಗಿಲ್ಲ, ಕೈ ಹಿಡದು ಮಾತು ಕೊಟ್ಟಾರ ಅಂತಿದ್ರು... ಕಡೀತನಕ."

ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು. ನಾನು ಬಾಯಿ ಬಿಡದೆ ಅದನ್ನು ಕುಡಿದು ಮುಗಿಸಿದೆ.