ಹಿನ್ನೀರಿನ ತಳದಲ್ಲಿ ಮೀನಿಗೊಂದು ಆಸರೆ

ಮೊನ್ನೆ ನಮ್ಮ ಓಣಿಯ ಚರಂಡಿ ಅಗೆದು, ಒಡೆದ ಸಿಮೆಂಟ್ ಪೈಪುಗಳನ್ನು ರಸ್ತೆ ಬದಿಗೆ ಹಾಕಿದ್ದರು. ಹಸಿ ಪಾಚಿಯ ವಾಸನೆ ಮೂಗಿಗೆ ಬಡಿದು ಅಲ್ಲೇ ನಿಂತುಬಿಟ್ಟೆ. ಚಿತ್ತವಾಡ್ಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನ ಸೀರೆಗೂ ಇದೇ ವಾಸನೆ ಇರುತ್ತಿತ್ತು...

ಗಂಡ ತೀರಿಕೊಂಡ ಮೇಲೆ ಆಕೆ ಅವನ ಹರಿಗೋಲು ಮಾರಲಿಲ್ಲ. ತಾನೇ ಡ್ಯಾಮಿನ ಹಿನ್ನೀರಿಗೆ ಹೋಗಿ ಬಲೆ ಹಾಕತೊಡಗಿದಳು. ಮೀನು ವರ್ಷವರ್ಷಕ್ಕೂ ಕಡಿಮೆಯಾಗುತ್ತಿತ್ತು. ನೀರಲ್ಲಿ ಮುಳುಗಿದ ಹಳೆಯ ಊರೊಂದರ ಗೋಡೆಯ ಹತ್ತಿರ ಮಾತ್ರ ಮರಿಗಳು ಗುಂಪುಗೂಡಿರುತ್ತಿದ್ದವು.

"ಉಳಿದ ಕಡಿ ಬರೇ ಕೆಸರು, ತಂಗಿ. ಮರಿ ಎಲ್ಲಿ ಅಡಗಬೇಕು? ಅಂಥಾ ಗ್ವಾಡಿ ನಾವ ಮಾಡೋಣು," ಅಂದಳು ಒಂದು ದಿನ.

ಕೆಡವಿದ ಮನೆಗಳ ಇಟ್ಟಿಗೆ, ಒಡೆದ ಪೈಪು, ಸಿಕ್ಕಿದ್ದನ್ನೆಲ್ಲ ತೊಳೆದು ತಂತಿಯಲ್ಲಿ ಬಿಗಿದು, ಹರಿಗೋಲಿನಲ್ಲಿ ಒಯ್ದು ಮುಳುಗಿಸಿದಳು. ಅವುಗಳಿಗೆ ಸಿಕ್ಕಿ ಬೇರೆಯವರ ಬಲೆಗಳು ಹರಿದವು. ಮೀನುಗಾರರ ಹಿರಿಯರೊಬ್ಬರು ಹರಿದ ಬಲೆಯನ್ನು ತಂದು ಆಕೆಯ ಬಾಗಿಲಿಗೆ ಎಸೆದರು.

"ಏನವ್ವಾ, ನಮ್ಮ ಹೊಟ್ಟಿ ಮ್ಯಾಲೆ ಹೊಡಿತೀಯೇನು?"

"ಕುಂದ್ರಿ ಕಾಕಾ. ಹರಿದದ್ದು ನಾ ಹೆಣದು ಕೊಡ್ತೀನಿ. ತೆಗಿ ಅಂತ ಮಾತ್ರ ಅನಬ್ಯಾಡ್ರಿ."

ಹೆಣೆದುಕೊಟ್ಟಳು. ಪೈಪುಗಳಿದ್ದ ಕಡೆ ಹಗ್ಗಕ್ಕೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಬಲೆ ಹಾಕುವವರಿಗೆ ಗುರುತಾಗುವಂತೆ ತೇಲಿಬಿಟ್ಟಳು.

ಬೇಸಿಗೆಯಲ್ಲಿ ಹಿನ್ನೀರು ಸರಿಯಿತು. ಆಕೆ ಮುಳುಗಿಸಿದ್ದೆಲ್ಲ ಬಿರುಕುಬಿಟ್ಟ ಮಣ್ಣಿನ ಮೇಲೆ ಒಣಗಿ ಬಿದ್ದಿತ್ತು. ನೋಡಿದವರು ನಕ್ಕರು. ನನಗೆ ಅಳು ಬಂತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಚಲೋ ಆತು ಬಿಡು. ಎಲ್ಲಿ ತಪ್ಪೀವಿ ಅಂತ ಕಂಡ್ತಲ್ಲ. ಏಳು, ಈ ಕಡಿ ಹಿಡಿ."

ಎಲ್ಲವನ್ನೂ ಮತ್ತೆ ಹೊತ್ತೆವು. ಕಡುಬೇಸಿಗೆಯಲ್ಲೂ ನೀರು ನಿಲ್ಲುವಷ್ಟು ಆಳಕ್ಕೆ ಒಯ್ದು ಇಳಿಸಿದೆವು. ಭುಜದ ಚರ್ಮ ಸುಲಿದಿತ್ತು. ಆಕೆ ಒಂದು ದಿನವೂ ಬಿಡಲಿಲ್ಲ...

ಮುಂದಿನ ಮಳೆಗಾಲ ಕಳೆದ ಮೇಲೆ ಆ ಹಿರಿಯರೇ ಆಕೆಯನ್ನು ಕೂಗಿ ಕರೆದರು. ಡಬ್ಬಿ ಕಟ್ಟಿದ ಹಗ್ಗಗಳ ಸುತ್ತ ಮರಿಗಳು ಮಿಂಚುತ್ತಿದ್ದವು. ಅವರು ಅತ್ತ ಬೆರಳು ತೋರಿಸಿದರು. ಆಕೆ ಬಹಳ ಹೊತ್ತು ಬಗ್ಗಿ ನೋಡಿದಳು.

"ಇಲ್ಲಿ ಬಲಿ ಬ್ಯಾಡ್ರಿ ಕಾಕಾ. ದೊಡ್ಡವು ಆಗಲಿ."

ಆಕೆ ಹೋಗಿ ಕೆಲವು ವರ್ಷಗಳಾದವು. ಎದೆನೋವು ಅಂತ ಮಲಗಿದವಳು ಏಳಲಿಲ್ಲ. ಆ ಮನೆಗೆ ಬೇರೆಯವರು ಬಂದಿದ್ದಾರೆ. ಈಗ ಪ್ರತಿ ಬೇಸಿಗೆ ಮೀನುಗಾರರೇ ಇಟ್ಟಿಗೆ, ಪೈಪು ಹೊತ್ತೊಯ್ಯುತ್ತಾರೆ. ನಾನೂ ಹೋಗುತ್ತೇನೆ. ಹರಿಗೋಲಿನಲ್ಲಿ ಅಕ್ಕ ಕೂತು ಹುಟ್ಟು ಹಾಕುತ್ತಿದ್ದ ಜಾಗ ತೋರಿಸಿ, "ಅಲ್ಲಿ ಕುಂದ್ರವ್ವಾ," ಅನ್ನುತ್ತಾರೆ ಹಿರಿಯರು. ನಾನು ಇನ್ನೊಂದು ಬದಿಗೆ ಸರಿದು ಕೂರುತ್ತೇನೆ.