ನೀರು ಬಿಟ್ಟ ಮೇಲೂ ಉಳಿದ ಪುಟ

ನಮ್ಮ ಬಾವ ಮೂಕಯ್ಯನವರು ಜೈಲಿಗೆ ಹೋಗಿ ಬಂದವರು ಎಂಬುದಷ್ಟೇ ಈಗಿನವರಿಗೆ ಗೊತ್ತು. ಯಾಕೆ ಎಂದು ಕೇಳಿದರೆ, ಗಾಡಿಯ ಮೇಲೆ ನಿದ್ದೆ ಹೊಡೆದು ಒಬ್ಬ ಮುದುಕಿಯ ಕಾಲಿನ ಮೇಲೆ ಚಕ್ರ ಹತ್ತಿಸಿದರಂತೆ ಎನ್ನುತ್ತಾರೆ. ಹಾಗೆನ್ನುವವರ ಬಾಯಿಗೆ ಮಣ್ಣು ಹಾಕ. ಕೂಲಿಮಠದಲ್ಲಿ ಮೂರು ವರ್ಷ ಮರಳಿನ ಮೇಲೆ ಅಕ್ಷರ ತಿದ್ದಿದವನು ನಾನು. ದೊಡ್ಡ ಓದೇನಲ್ಲ. ಆದರೆ ಕೋರ್ಟಿನ ಆ ಪುಟವನ್ನು ನಮ್ಮ ಜನದಲ್ಲಿ ಕಣ್ಣಾರೆ ಓದಿದವನು ನಾನೊಬ್ಬನೇ. ಅದಕ್ಕೇ ಬರೆಯುತ್ತಿದ್ದೇನೆ.

ತಮಿಳು ಸೀಮೆಯ ಕಂಬ ಎಂಬ ಊರಿನಲ್ಲಿ ನಮ್ಮವರ ದೇವರ ದೊಡ್ಡಿ ಇದೆ. ಅಲ್ಲಿ ಹುಟ್ಟಿದ ಎತ್ತುಗಳನ್ನು ಮನೆಮನೆಗೆ ಉಳಲು, ಗಾಡಿ ಕಟ್ಟಲು ಕೊಡುತ್ತಾರೆ. ಕೊಟ್ಟರೂ ಎತ್ತು ದೊಡ್ಡಿಯದೇ. ಬಲತೊಡೆಯ ಮೇಲೆ ಅರ್ಧಚಂದ್ರದ ಬರೆ ಇರುತ್ತದೆ. ಆ ಎತ್ತು ಯಾರ ಪೈರು ಮೇಯಲಿ, ಯಾರನ್ನು ಹಾಯಲಿ, ಉತ್ತರ ಹೇಳಬೇಕಾದವನು ದೊಡ್ಡಿಯ ಕೋಲು ಹಿಡಿದವನು. ಆ ಕೋಲು ಹದಿನಾಲ್ಕು ವರ್ಷ ಬಾವನ ಕೈಯಲ್ಲಿತ್ತು.

ಬೆಟ್ಟದ ಮೇಲೆ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದ ಕಾಲ ಅದು. ದಿಂಡಿಗಲ್ಲಿನ ಈಚೆ ಅಮ್ಮಯನಾಯಕ್ಕನೂರಿನಲ್ಲಿ ರೈಲಿನಿಂದ ಇಳಿದ ಸಾಮಾನನ್ನೆಲ್ಲ ಎತ್ತಿನ ಗಾಡಿಗಳೇ ತೇನಿ, ಚಿನ್ನಮನೂರು ದಾಟಿಸಿ ಘಾಟಿಗೆ ಮುಟ್ಟಿಸಬೇಕು. ರಸ್ತೆಯ ತುಂಬ ಗಾಡಿ, ಗಾಡಿಯ ಹಿಂದೆ ಪೊಲೀಸರು. ಲಾಂದ್ರ ಇಲ್ಲದಿದ್ದರೆ ಚೀಟಿ, ದಾರಿ ನಡುವೆ ನೊಗ ಇಳಿಸಿದರೆ ಚೀಟಿ, ಗಾಡಿಯವನು ಮಲಗಿದ್ದರೆ ಚೀಟಿ. ನಮ್ಮ ಗಾಡಿಯವರು ಚೀಟಿಗಳನ್ನು ತಂದು ಬಾವನ ಮುಂದೆ ಇಡುತ್ತಿದ್ದರು. ಬಾವ ಅವನ್ನು ಪಂಚೆಯ ಅಂಚಿನಲ್ಲಿ ಗಂಟು ಹಾಕಿಕೊಂಡು ತಾಲೂಕು ಕೋರ್ಟಿಗೆ ನಡೆದು ಹೋಗಿ, ಹೌದು ಸಾಮಿ ಎಂದು ಒಪ್ಪಿ, ದಂಡ ಕಟ್ಟಿ ಬರುತ್ತಿದ್ದರು. ಬಂದವರೇ ದೊಡ್ಡಿಯ ಬಾಗಿಲಲ್ಲಿ ಕೂತು, ತಪ್ಪು ಮಾಡಿದವನನ್ನು ಎದುರಿಗೆ ಕೂರಿಸಿಕೊಂಡು, ಇಬ್ಬರ ನಡುವೆ ಒಂದು ಚೊಂಬು ನೀರು ಬಿಡುತ್ತಿದ್ದರು. ದಂಡದ ರಸೀದಿಯನ್ನು ಹರಿದು ಆ ನೀರಿಗೇ ಹಾಕುತ್ತಿದ್ದರು. ನಮ್ಮಲ್ಲಿ ಯಾವ ಜಗಳ ತೀರಿದರೂ ಹಾಗೆಯೇ. ನೀರು ಬಿಟ್ಟ ಮೇಲೆ ಆ ಮಾತು ಸತ್ತಂತೆ, ಎತ್ತಿದವನಿಗೆ ದೊಡ್ಡಿಯೊಳಗೆ ಕಾಲಿಡಲು ಬಿಡುವುದಿಲ್ಲ. ಕೋರ್ಟೂ ಹೀಗೇ ಎಂದು ಬಾವ ತಿಳಿದಿದ್ದರು. ನಾನೂ ತಿಳಿದಿದ್ದೆ.

ಒಂದು ಶುಕ್ರವಾರ ಮಟಮಟ ಮಧ್ಯಾಹ್ನ ಬಾವನ ಅಕ್ಕನ ಮಗ ರಾಮರ್ ಗಾಡಿಯ ಮೇಲೆ ಮಲಗಿಬಿಟ್ಟ. ಎಡಗೊಂಬು ಮುರಿದ ಎತ್ತು, ದಾರಿ ಬಲ್ಲದ್ದು, ತಾನೇ ನಡೆಯುತ್ತಿತ್ತು. ಮಾರ್ಕಯನ್‌ಕೋಟ್ಟೈ ತಿರುವಿನಲ್ಲಿ ಹುಲ್ಲಿನ ಹೊರೆ ಹೊತ್ತ ಕರುಪ್ಪಾಯಿ ಎಂಬ ಮುದುಕಿ ಬರುತ್ತಿದ್ದಳು. ಹೊರೆಯಿಂದಾಗಿ ಅವಳಿಗೆ ಗಾಡಿ ಕಾಣಲಿಲ್ಲ. ಚಕ್ರ ಮೊಣಕಾಲಿನ ಕೆಳಗೆ ಹತ್ತಿ ಇಳಿಯಿತು. ರಾಮರ್ ಗಾಡಿ ಬಿಟ್ಟು ಓಡಿ ಬಂದ. ಪೊಲೀಸಿನವನಿಗೆ ಬರೆಯಲು ಸಿಕ್ಕಿದ್ದು ಎತ್ತಿನ ತೊಡೆಯ ಗುರುತು ಮಾತ್ರ.

ಸಂಜೆಯ ಹೊತ್ತಿಗೆ ರಾಮರ್ ಬಾವನ ಕಾಲು ಹಿಡಿದು ಬಿದ್ದಿದ್ದ.

“ಮಾಮಾ, ಕಣ್ಣು ಮುಚ್ಚಿದ್ದು ಒಂದೇ ಒಂದು ಚಣ, ಸತ್ಯವಾಗ್ಲೂ.”

“ಒಂದು ಚಣವಾ? ಅಲ್ಲಿವರ್ಗೂ ಗೊರಕೆ ಹೊಡ್ಕೊಂಡು ಬಂದಿದೀಯಂತಲ್ಲಾ, ಹಿಂದಿನ ಗಾಡಿಯೋರು ಹೇಳ್ತಾರೆ!” ಎಂದು ನಾನು ಅವನ ಕುತ್ತಿಗೆಗೇ ಕೈ ಹಾಕಿದೆ. “ನಡಿ, ನೀನೇ ಬಂದು ಒಪ್ಕೋ.”

“ಬಿಡಪ್ಪಾ ಅವನ್ನ,” ಎಂದರು ಬಾವ. “ದೊಡ್ಡಿ ಎತ್ತು ಮಾಡಿದ್ದಕ್ಕೆ ಕೋಲು ಹಿಡ್ದೋನು ಉತ್ತರ. ಇವತ್ತು ಹೊಸದಾಗಿ ಕೇಳ್ತಾ ಇದೀಯಾ?”

ಕೋರ್ಟಿನಲ್ಲಿ ಗಾಡಿ ಹೊಡೆದವನು ಯಾರು ಎಂದು ಕೇಳಿದರಂತೆ. ನಾನೇ ಎಂದರಂತೆ. ಹತ್ತು ರೂಪಾಯಿ ದಂಡ. ಬಂದು ನೀರು ಬಿಟ್ಟರು, ರಸೀದಿ ಹರಿದರು.

ಮುಗಿಯಿತು ಅಂದುಕೊಂಡೆವು. ಆದರೆ ಪ್ರತಿ ಸಂತೆಗೂ ಮಾರ್ಕಯನ್‌ಕೋಟ್ಟೈ ಕಡೆಯವರು ಒಂದೊಂದು ಸುದ್ದಿ ತರುತ್ತಿದ್ದರು. ಮುದುಕಿಯ ಕಾಲು ಊದಿದೆ. ಮುಂದಿನ ಸಂತೆಗೆ, ಬೆರಳು ಕಪ್ಪಾಗಿದೆ. ಅದರ ಮುಂದಿನ ಸಂತೆಗೆ, ಕಪ್ಪು ಮೇಲಕ್ಕೆ ಹತ್ತುತ್ತಿದೆ. ನನ್ನ ಅಕ್ಕ ವೆಳ್ಳೈಯಮ್ಮಾಳ್, ಬಾವನ ಹೆಂಡತಿ, ಒಂದು ಮೂಟೆ ನೆಲ್ಲು ಹೊರಿಸಿಕೊಂಡು ನೋಡಲು ಹೋದಳು. ಬಂದವಳು ಎರಡು ದಿನ ಅನ್ನ ಮುಟ್ಟಲಿಲ್ಲ.

“ಬಾಗ್ಲಾಚೇನೇ ವಾಸನೆ ಬಂತು ಕಣೋ ತಮ್ಮಾ,” ಎಂದಳು. “ಆ ತಾಯಿ ನನ್ನ ಕೈ ಹಿಡ್ಕೊಂಡು, ಗಾಡಿ ಮೇಲೆ ಯಾರೋ ಎಳೇ ಹುಡುಗ ಇದ್ದ ಅಂದ್ಲು. ನಾನು ಏನೂ ಅನ್ನಲಿಲ್ಲ.”

ನಲವತ್ತನೆಯ ದಿನ ಕರುಪ್ಪಾಯಿ ತೀರಿಕೊಂಡಳು. ಮೂರನೇ ದಿನಕ್ಕೆ ಪೊಲೀಸಿನವನು ಬಂದ. ಹಿಂದೆಲ್ಲ ಬಂದರೆ ಮಜ್ಜಿಗೆ ಕುಡಿದು ಹೋಗುತ್ತಿದ್ದವನು. ಅವತ್ತು ಜಗುಲಿಯ ಮೇಲೆ ಕೂರಲೂ ಇಲ್ಲ.

“ಹದಿನೈದು ದಿನದಲ್ಲಿ ಹಾಜರಾಗಬೇಕು ಗೌಡರೇ. ಇದು ಸಾವಿನ ಕೇಸು.”

“ಅದಕ್ಕೆ ನೀರು ಬಿಟ್ಟಾಯ್ತಲ್ಲ ಸಾಮಿ!” ಎಂದರು ಬಾವ, ನಿಜವಾಗಿ ಬೆರಗಾಗಿ.

“ನೀವು ನೀರು ಬಿಟ್ಟಿರಬಹುದು. ಅಲ್ಲಿ ಬರೆದು ಇಟ್ಟವ್ರೆ.”

ಏನು ಬರೆದಿಟ್ಟಿದ್ದಾರೆ ಎಂಬುದು ಬಾವನಿಗೇ ಗೊತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಬಂದಿದ್ದರು. ಮರುದಿನವೇ ನಾನು ತಾಲೂಕಿಗೆ ಹೊರಟೆ. ದಫ್ತರದ ಕೋಣೆಯಲ್ಲಿ ಕನ್ನಡಕದ ಗುಮಾಸ್ತನೊಬ್ಬ ಕೂತಿದ್ದ. ಹಿಂದೆ ಸೂರಿನವರೆಗೆ ಕೆಂಪು ಬಟ್ಟೆಯ ಕಟ್ಟುಗಳು.

“ಕೇಸ್ ನಂಬರ್?”

“ರಸೀದಿಯಲ್ಲಿತ್ತು ಸಾಮಿ. ಹರಿದು ನೀರಿಗೆ ಹಾಕ್ಬಿಟ್ರು.”

ಅವನು ಕನ್ನಡಕದ ಮೇಲಿಂದ ನೋಡಿದ. “ಭೇಷ್. ತಾರೀಖು?”

“ನಮ್ಮ ದೊಡ್ಡಿಯಲ್ಲಿ ಹೊಸ ಪಟ್ಟದೆತ್ತಿಗೆ ಅರಿಶಿನ ಹಚ್ಚಿದ ಶುಕ್ರವಾರ.”

“ಅಡಡಾ! ನಮ್ಮ ಕೋರ್ಟಿನ ಕ್ಯಾಲೆಂಡರಿನಲ್ಲಿ ನಿಮ್ಮ ಎತ್ತಿನ ಅರಿಶಿನ ಅಚ್ಚು ಹಾಕಿಲ್ಲವಲ್ಲಯ್ಯಾ!”

ಸಿಟ್ಟು ನೆತ್ತಿಗೇರಿತು. ಹಲ್ಲು ಕಚ್ಚಿಕೊಂಡೆ. ಅಮಾವಾಸ್ಯೆಯಿಂದ ಹಿಂದೆ ಎಣಿಸಿ, ಬೆರಳು ಮಡಿಸಿ, ಅದು ಯಾವ ವಾರ ಎಂದು ಹೇಳಿದೆ. ನಾನು ಎಣಿಸುವುದನ್ನು ನೋಡಿ ಅವನ ಮನಸ್ಸೂ ಕರಗಿತೋ ಏನೋ. ಸ್ಟಾಂಪು ಅಂಟಿಸಿದ ಅರ್ಜಿ ತೆಗೆದುಕೊಂಡು, ಊರಿನ ಹೆಸರು ಹಿಡಿದು ಮೂರು ಕಟ್ಟು ಬಿಚ್ಚಿದ. ಧೂಳಿಗೆ ಇಬ್ಬರೂ ಸೀನಿದೆವು. ಮೂರನೆಯದರಲ್ಲಿ ಸಿಕ್ಕಿತು. ಮರುದಿನ ನಕಲು ಬರೆದು ಕೊಟ್ಟ. ಹಾಳೆ ಕೊಡುವಾಗ ನಗಲಿಲ್ಲ.

ತಮಿಳಿನಲ್ಲಿ ಹತ್ತೇ ಸಾಲು. ಎತ್ತು, ಎಡಗೊಂಬು ಮುರಿದದ್ದು, ತೊಡೆಯಲ್ಲಿ ಪಿರೆ, ಅಂದರೆ ಅರ್ಧಚಂದ್ರದ ಗುರುತು. ಗಾಡಿ ತಾನೇ ಹೊಡೆದೆ ಎಂದೂ ನಿದ್ದೆ ಹೋಗಿದ್ದೆ ಎಂದೂ ಆಪಾದಿತನ ಹೇಳಿಕೆ. ಘಟನೆ ನಡೆದದ್ದು ಶುಕ್ರವಾರ ಮಧ್ಯಾಹ್ನ. ಅಡಿಯಲ್ಲಿ ಬೇರೆ ಮಸಿಯಲ್ಲಿ ಒಂದು ಸಾಲು: ಗಾಯಾಳುವಿನ ಸ್ಥಿತಿ ನೋಡಿ ಮುಂದಿನ ಕ್ರಮ. ನಾವು ನೀರು ಬಿಡುತ್ತಿದ್ದಾಗಲೇ ಆ ಸಾಲು ಅಲ್ಲಿ ಕಾದು ಕೂತಿತ್ತು.

ಮನೆಗೆ ಬಂದು ಓದಿದೆ. ಬಾವ ಇನ್ನೊಮ್ಮೆ ಓದಿಸಿದರು.

“ಬಾವಾ, ನೋಡಿ ಇಲ್ಲಿ,” ಎಂದೆ. “ಆ ಶುಕ್ರವಾರ ಮಧ್ಯಾಹ್ನ ನೀವು ದೊಡ್ಡಿಯಲ್ಲಿ ನಿಂತು ಎತ್ತಿಗೆ ಅರಿಶಿನ ಹಚ್ತಾ ಇದ್ರಿ. ನಲವತ್ತು ಜನ ನೋಡವ್ರೆ. ಅವ್ರಲ್ಲಿ ಹತ್ತು ಜನ ಬಂದು ಹೇಳಿದ್ರೆ ಸಾಕು, ಈ ಪುಟ ಸುಳ್ಳಾಯ್ತದೆ.”

“ಆಗ ಯಾರು ಸುಳ್ಳಾಗೋದು? ಪುಟವಾ, ನಾನಾ?”

“ನೀವು ಜೈಲಿಗೆ ಹೋಗ್ತೀರಿ!”

“ಕೋಲು ಹಿಡ್ದು ನಾನೇ ಅಂದೆ. ನೀರೂ ಬಿಟ್ಟೆ. ಈಗ ಅವನು ಅಂತ ಕೈ ತೋರ್ಸಿದ್ರೆ, ನಾಳೆ ಯಾವ ಗಾಡಿಯೋನು ದೊಡ್ಡಿ ಎತ್ತು ಕಟ್ತಾನೆ? ನೀನೂ ಬಾಯಿ ಬಿಡ್ಬಾರ್ದು. ನಾನು ಇರೋವರ್ಗೂ ಬಿಡ್ಬಾರ್ದು.”

ರಾಮರ್ ಕಂಬಕ್ಕೆ ಒರಗಿ ಎಲ್ಲ ಕೇಳುತ್ತಿದ್ದ. ಅವನಾಗಿ ಒಂದು ಮಾತು ಆಡಲಿ ಎಂದು ನನ್ನ ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. ಅಷ್ಟೇ.

ವಿಚಾರಣೆಯ ದಿನ ನಕಲು ನನ್ನ ಸೊಂಟದಲ್ಲಿತ್ತು. ಮ್ಯಾಜಿಸ್ಟ್ರೇಟರು ಹಳೆಯ ಪುಟ ತೆರೆದು ಓದಿಸಿ, ಈಗಲೂ ಇದು ನಿಜವೋ ಎಂದರು. ಬಾವ ನನ್ನ ಕಡೆ ಒಮ್ಮೆ ನೋಡಿದರು. ನಾನು ಬಾಯಿ ತೆರೆದೆನೆಂದರೆ ಅವರು ಮತ್ತೆ ನನ್ನ ಮನೆಯ ನೀರು ಮುಟ್ಟುವುದಿಲ್ಲ ಎಂದು ಆ ನೋಟದಲ್ಲೇ ತಿಳಿಯಿತು. ಹೌದು ಸಾಮಿ ಎಂದರು. ಎಂಟು ತಿಂಗಳು, ಮಧುರೆಯ ಜೈಲು. ಹೊರಗೆ ಹುಣಸೆ ಮರದ ಕೆಳಗೆ ರಾಮರ್ ಕೂತು ಕಡಲೆ ಸಿಪ್ಪೆ ಬಿಡಿಸುತ್ತಿದ್ದ. ತಿನ್ನುತ್ತಿರಲಿಲ್ಲ, ಬಿಡಿಸಿ ಬಿಡಿಸಿ ನೆಲಕ್ಕೆ ಹಾಕುತ್ತಿದ್ದ. ಅವನನ್ನು ಹೊಡೆಯಲು ಹೋದವನು ಅದನ್ನು ನೋಡಿ ನಿಂತೆ. ಹೊಡೆಯಬೇಕಿತ್ತು.

ಬಾವ ತಿರುಗಿ ಬಂದಾಗ ಹಲ್ಲು ಉದುರಿತ್ತು. ಜೈಲು ಕಂಡವನು ದೇವರ ಕೋಲು ಮುಟ್ಟಬಾರದು ಎಂದು ಹಿರಿಯರು ತೀರ್ಮಾನ ಮಾಡಿದರು. ಆ ಹಿರಿಯರಲ್ಲಿ ಅರಿಶಿನದ ಶುಕ್ರವಾರ ದೊಡ್ಡಿಯಲ್ಲಿದ್ದವರು ಎಷ್ಟು ಜನ! ನೀರು ಬಿಟ್ಟ ಮಾತಲ್ಲವೇ, ಎಲ್ಲರ ಬಾಯಿಗೂ ಬೀಗ. ಮನೆತನದ ಹಕ್ಕೆಂದು ಕೋಲು ಬಾವನ ಅಕ್ಕನ ಮಗನಿಗೆ ಹೋಯಿತು. ರಾಮರ್ ಕೈ ಚಾಚಿ ತೆಗೆದುಕೊಂಡ. ಬಾವ ಬಾಗಿಲ ಹೊರಗೆ ನಿಂತು ಎಲ್ಲರಂತೆ ಕೈ ಮುಗಿದರು. ಹೋದ ಮಾರ್ಗಳಿ ತಿಂಗಳಲ್ಲಿ ತೀರಿಕೊಂಡರು.

ಆಗಲೂ ನಾನು ಬರೆಯಲಿಲ್ಲ. ಬರೆಯಲು ಕೂತದ್ದು ಮೊನ್ನೆಯ ಬುಧವಾರ ನಡೆದದ್ದರಿಂದ.

ಓಡೈಪಟ್ಟಿ ದಾರಿಯಲ್ಲಿ ನಮ್ಮ ಗಾಡಿಯೊಂದು ಕೂಲಿಯವನೊಬ್ಬನನ್ನು ಕೆಡವಿದೆ. ಗಾಡಿಯವನು ಓಡಿಹೋಗಿದ್ದಾನೆ. ಪೊಲೀಸಿನವನು ಎತ್ತನ್ನೇ ಹಿಡಿದು ತಂದು ದೊಡ್ಡಿಯ ಮುಂದೆ ನಿಲ್ಲಿಸಿದ. ತೊಡೆಯ ಮೇಲೆ ಅರ್ಧಚಂದ್ರ, ಕುರುಡನ ಕೈಗೂ ತಿಳಿಯುವ ಹಾಗೆ.

“ನಿಮ್ಮದೇ ತಾನೆ?” ಎಂದ.

ಗಾಡಿಯವರು ಇಪ್ಪತ್ತು ಜನ ನಿಂತಿದ್ದರು. ರಾಮರ್ ಕೋಲು ಊರಿಕೊಂಡು ಹತ್ತಿರ ಬಂದ. ಗುರುತನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

“ನಮ್ದಲ್ಲ ಸಾಮಿ,” ಎಂದ. “ಯಾರೋ ನಮ್ಮ ಬರೆ ಹಾಕ್ಕೊಂಡವ್ರೆ.”

ಇಪ್ಪತ್ತು ಜನರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಗಾಡಿಯ ಕಡೆ ತಿರುಗಿದರು. ಪೊಲೀಸಿನವನು ಹಗ್ಗ ಎಳೆದ. ಎತ್ತು ಹೋಗಲಿಲ್ಲ. ದೊಡ್ಡಿಯ ಬಾಗಿಲಿಗೇ ಮುಖ ಮಾಡಿ, ಯಾರಾದರೂ ಕಟ್ಟು ಬಿಚ್ಚುತ್ತಾರೆಂದು ನಿಂತೇ ಇತ್ತು. ಕೊನೆಗೆ ಬಾಲ ತಿರುಚಿ ಅಟ್ಟಿಕೊಂಡು ಹೋದ.

ಕೋರ್ಟಿನ ನಕಲು ನನ್ನ ಮನೆಯ ಬಿದಿರಿನ ಕೊಳವೆಯಲ್ಲಿದೆ. ಬಂದವರಿಗೆಲ್ಲ ಓದಿ, ಆ ಶುಕ್ರವಾರ ಮಧ್ಯಾಹ್ನ ಬಾವ ಎಲ್ಲಿದ್ದರೆಂದೂ ಹೇಳುತ್ತೇನೆ.