ಸೆವ್ದಾ 'ಯೆಸ್' ಒತ್ತಲಿಲ್ಲ

ನಮ್ಮೂರು ಗಾಬ್ರೊವೊದಲ್ಲಿ ಸೆವ್ದಾಳ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಒಂದೇ: ಮೊಂಡು ಹೆಂಗಸು. ಅವಳ ಪಕ್ಕದ ಯಂತ್ರದಲ್ಲಿ ವರ್ಷಗಟ್ಟಲೆಯಿಂದ ಸ್ವೆಟರ್ ಹೆಣೆಯುತ್ತಿರುವ ನಾನೂ ಅದನ್ನೇ ಹೇಳುತ್ತೇನೆ. ಆದರೆ ಬೇರೆಯವರು ಹೇಳಿದರೆ ನನಗೆ ಮೈ ಉರಿಯುತ್ತದೆ.

ಎಂಜಿನಿಯರಿಂಗ್ ಓದಿದವಳು. ಹಿಂದಿನ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಕಂಪ್ಯೂಟರ್ ಕಾರ್ಖಾನೆಯಲ್ಲಿದ್ದಳು, ಅಲ್ಲಿನ ಕೆಲಸ ಹೋದ ಮೇಲೆ ಹೆಣಿಗೆಗೆ ಬಂದಳು. ನಮ್ಮ ಸಹಕಾರ ಸಂಘಕ್ಕೆ ಕಾಲಿಟ್ಟ ಮೊದಲ ದಿನವೇ ಕೆಟ್ಟು ನಿಂತ ಯಂತ್ರದ ಹೊಟ್ಟೆ ಬಿಚ್ಚಿ ಸರಿಮಾಡಿದಳು, ಊಟದ ಹೊತ್ತಿಗೆ ಅರ್ಧ ಜನರ ಜತೆ ಜಗಳವನ್ನೂ ಮುಗಿಸಿದಳು. ಯಾರಾದರೂ ಹತ್ತಿರ ಹೋಗಿ "ಇದೇನು ಮಾಡ್ತಿದ್ದೀಯೆ, ನಮಗೂ ಸ್ವಲ್ಪ ತೋರಿಸು" ಎಂದರೆ ಪರದೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. "ನಿನಗ್ಯಾಕೆ ಈ ಉಸಾಬರಿ? ಹೋಗು, ನೂಲು ಹಾಕು."

ನಮ್ಮ ಯಂತ್ರಗಳು ಕಂಪ್ಯೂಟರಿನಿಂದ ಡಿಸೈನ್ ಓದಿಕೊಂಡು ಹೆಣೆಯುವಂಥವು. ನಾವು ಒಂಬತ್ತು ಹೆಂಗಸರು ಮಾಡಿದ್ದು, ನಮಗಿಂತ ಮೊದಲಿನವರು ಮಾಡಿಟ್ಟು ಹೋದದ್ದು, ಎಲ್ಲ ಡಿಸೈನ್‌ಗಳೂ ಒಂದು ಸರ್ವರಿನಲ್ಲಿವೆ. ಆ ಸರ್ವರ್ ಇರುವುದು ಯಾಂತ್ರಾ ನದಿಯಾಚೆಯ ಹಳೆಯ ಗಿರಣಿಯ ನೆಲಮಾಳಿಗೆಯಲ್ಲಿ, ಒಂದು ಕಬ್ಬಿಣದ ಕಪಾಟಿನೊಳಗೆ. ನಮ್ಮ ಕಾರ್ಯಾಗಾರ ಈಚೆ ದಡದಲ್ಲಿದೆ. ಎರಡೂ ಛಾವಣಿಗಳ ಮೇಲೆ ತಟ್ಟೆಯಂಥ ಆಂಟೆನಾ ಕೂರಿಸಿ, ಸೆವ್ದಾ ಎರಡು ಕಟ್ಟಡಗಳನ್ನು ಒಂದೇ ಜಾಲಕ್ಕೆ ಕಟ್ಟಿದ್ದಳು. ಅವಳು ಇಲ್ಲೇ ಕೂತು ಕಪ್ಪು ಪರದೆಯಲ್ಲಿ ನಾಲ್ಕಕ್ಷರ ಹೊಡೆದರೆ ಅಲ್ಲಿನ ಸರ್ವರಿನೊಳಗೆ ಹೋಗುತ್ತಾಳೆ. ಹೋಗುವುದು ಅವಳೊಬ್ಬಳೇ.

ಕಳೆದ ಶರತ್ಕಾಲದಲ್ಲಿ ರಾಜಧಾನಿ ಸೋಫಿಯಾದ ಒಂದು ಕಂಪನಿ ನಮ್ಮ ಬೆನ್ನು ಹತ್ತಿತು. ಡಿಸೈನ್‌ಗಳನ್ನೆಲ್ಲ ನಮ್ಮ ಯಂತ್ರಕ್ಕೆ ಕೊಡಿ, ನಾವು ಜೋಪಾನ ಮಾಡುತ್ತೇವೆ, ನಿಮಗೆ ಬೇಕಾದಾಗ ಕೇಳಿದರೆ ಕೊಡುತ್ತೇವೆ ಎಂದಿತು. ಕೇಳಿದರೆ ಕೊಡುತ್ತಾರಂತೆ. ಸತ್ತುಹೋದ ನಮ್ಮ ಮಾರಿಯ್ಕಾ ಕಣ್ಣು ಮಂಜಾಗುವ ತನಕ ಕೂತು ಬರೆದ ಗುಲಾಬಿ ಬಳ್ಳಿಯ ಡಿಸೈನಿಗೆ ನಾವು ಅವರ ಅಪ್ಪಣೆ ಕೇಳಬೇಕು. ಸೆವ್ದಾ ಕಡ್ಡಿ ಮುರಿದಂತೆ ಬೇಡ ಎಂದಳು. ಅಧ್ಯಕ್ಷೆ ರಾಯ್ನಾಗೆ ಮಾತ್ರ ಆಸೆಯಿತ್ತು. ಅವಳು ಕೆಟ್ಟವಳಲ್ಲ, ದಣಿದವಳು. ಕೊನೆಗೆ ಒಂದು ಶುಕ್ರವಾರ ಬೆಳಗ್ಗೆ ಕೈಯೆತ್ತಿ ತೀರ್ಮಾನ ಮಾಡೋಣವೆಂದು ನಿಗದಿಯಾಯಿತು. ಕಂಪನಿಯ ಕಡೆಯಿಂದ ದಾಮ್ಯಾನ್ ಎಂಬ ಹುರುಪಿನ ಗಂಡಸು ಬಂದ. ಬರುವಾಗ ಚೀಸ್ ತುಂಬಿ ಪದರಪದರವಾಗಿ ಸುಟ್ಟ ಬಿಸಿ ಬಾನಿತ್ಸಾ ಕಟ್ಟಿಸಿಕೊಂಡು ಬಂದಿದ್ದ. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅದೇ ಬೆಳಗ್ಗೆ ಯಂತ್ರಗಳು ನಿಂತವು. ಡಿಸೈನ್ ಸಿಗುತ್ತಿಲ್ಲ ಎಂದು ಒಂದೊಂದೂ ಕೆಂಪು ದೀಪ ಹತ್ತಿಸಿಕೊಂಡು ಕೂತವು.

"ನೋಡಿದ್ರಾ?" ಎಂದು ದಾಮ್ಯಾನ್ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡ. "ಹಳೇ ಸರ್ವರ್ ಅಂದ್ರೆ ಇದೇ ಪಾಡು. ಪಾಪ, ಎಷ್ಟು ದಿನ ಅಂತ ಎಳೆಯುತ್ತೆ."

"ಪಾಪ ಅನ್ನೋಕೆ ಅದು ಸತ್ತಿಲ್ಲ" ಎಂದ ಸೆವ್ದಾ ಲ್ಯಾಪ್‌ಟಾಪ್ ಎಳೆದುಕೊಂಡಳು.

ಮೊದಲು ಸರ್ವರಿನ ವಿಳಾಸಕ್ಕೆ 'ಇದ್ದೀಯಾ' ಎಂದು ಕೂಗು ಹಾಕಿದಳು. ಪರದೆಯ ಮೇಲೆ ಉತ್ತರ ಸಾಲುಸಾಲಾಗಿ ಬಂತು. ನಾವೆಲ್ಲ ಉಸಿರು ಬಿಟ್ಟೆವು. ಆಮೇಲೆ ಒಳಗೆ ಹೋಗಲು ಹೊರಟಳು. ಆಗ ಪರದೆ ತುಂಬ ಎಚ್ಚರಿಕೆಯ ಮಾತು ಬಿತ್ತು. ಸೆವ್ದಾ ಅದನ್ನು ನಮಗೆ ಬಿಡಿಸಿ ಹೇಳಿದಳು: ಈ ವಿಳಾಸದಲ್ಲಿ ಉತ್ತರ ಕೊಡುತ್ತಿರುವ ಯಂತ್ರದ ಗುರುತು ಮೊದಲಿನದಲ್ಲ, ಯಾರಾದರೂ ಮೋಸ ಮಾಡುತ್ತಿರಬಹುದು, ಆದ್ದರಿಂದ ಬಾಗಿಲು ತೆಗೆಯುವುದಿಲ್ಲ.

ದಾಮ್ಯಾನ್ ಬಗ್ಗಿ ನೋಡಿ ನಕ್ಕ. "ಅಯ್ಯೋ, ಇದು ಎಲ್ಲರಿಗೂ ಬರುತ್ತೆ ಮೇಡಂ. ಹಳೇ ಗುರುತು ಅಳಿಸಿಬಿಡಿ. ಹೊಸದನ್ನ ನಂಬ್ತೀರಾ ಅಂತ ಕೇಳುತ್ತೆ, 'ಯೆಸ್' ಹೊಡೀರಿ, ಪಾಸ್‌ವರ್ಡ್ ಕೊಡಿ, ಮುಗೀತು. ನಾವೂ ದಿನಾ ಮಾಡೋದು ಅದನ್ನೇ."

"ನೀವು ದಿನಾ ಮಾಡ್ತೀರಿ. ನಾನು ಮಾಡಲ್ಲ."

"ಹೊಡೀಬಾರದಾ ಸೆವ್ದಾ?" ಎಂದು ರಾಯ್ನಾ ಗೋಗರೆದಳು. "ಆರ್ಡರ್ ಇದೆ ಮಾರಾಯ್ತಿ. ಯಂತ್ರ ನಿಂತಿದೆ. ಮೂರಕ್ಷರಕ್ಕೆ ಯಾಕಿಷ್ಟು ಹಟ?"

"ನಮ್ಮ ಸರ್ವರನ್ನ ಯಾರಾದ್ರೂ ಬಿಚ್ಚಿ ಹೊಸದಾಗಿ ಕಟ್ಟಿದ್ರಾ? ಇಲ್ಲ. ಹಾಗಾದ್ರೆ ಅದರ ಗುರುತು ಯಾಕೆ ಬದಲಾಗ್ಬೇಕು?"

"ಉತ್ತರ ಕೊಡ್ತಿದೆಯಲ್ಲೇ" ಎಂದೆ ನಾನು. ನನಗೂ ತಾಳ್ಮೆ ತಪ್ಪಿತ್ತು.

"ಬೆಳ್ಳಗಿರೋದೆಲ್ಲ ಹಾಲಲ್ಲ ಬೊನ್ಕಾ. ಬಾಗಿಲ ಹಿಂದೆ ಯಾರೋ 'ಹೂಂ' ಅಂದ್ರೆ ಅವರೇ ನಿನ್ನ ಗಂಡ ಅಂದ್ಕೊಂಡು ಒಳಗೆ ಹೋಗ್ತೀಯಾ?"

ಎಲ್ಲರೂ ನಕ್ಕರು, ರಾಯ್ನಾ ನಗಲಿಲ್ಲ. ಅವಳು ಮುಂದೆ ಬಂದು ತಾನೇ ಕೀಲಿಮಣೆಯತ್ತ ಕೈ ಚಾಚಿದಳು. ಸೆವ್ದಾ ಆ ಮಣಿಕಟ್ಟು ಹಿಡಿದುಕೊಂಡಳು, ಮೆಲ್ಲಗಲ್ಲ. ಅಧ್ಯಕ್ಷೆಯ ಕೈಯನ್ನು ಹಾಗೆ ಹಿಡಿದದ್ದು ತಪ್ಪು ಎಂದು ಇವತ್ತಿಗೂ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಹೇಳಲಿ.

ಆಮೇಲೆ ಅವಳು ನಾವೆಲ್ಲ ಚಿಚೊ, ಅಂದರೆ ಚಿಕ್ಕಪ್ಪ, ಎಂದು ಕರೆಯುವ ಗಿರಣಿಯ ಕಾವಲುಗಾರ ಪೆನ್ಯೊಗೆ ಫೋನ್ ಮಾಡಿ, ನಮಗೆಲ್ಲ ಕೇಳುವಂತೆ ಮೇಜಿನ ಮೇಲಿಟ್ಟಳು.

"ಚಿಚೊ, ನೆಲಮಾಳಿಗೆಗೆ ಇಳೀರಿ. ಕಪಾಟು ತೆಗೀರಿ. ಸರ್ವರಿನ ಬೆನ್ನಲ್ಲಿ ನೀಲಿ ತಂತಿ ಇದೆ, ಅದನ್ನ ಕೀಳಿ."

"ಕೀಳೋದಾ? ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದೆಯಲ್ಲಮ್ಮ ನೀನು."

"ಇವತ್ತು ಮುರಿಯಲ್ಲ. ಕೀಳಿ."

ಆ ಕಡೆಯಿಂದ ಏದುಸಿರು, ಕಬ್ಬಿಣದ ಬಾಗಿಲಿನ ಕಿರುಗುಟ್ಟುವಿಕೆ, ಆಮೇಲೆ "ಕಿತ್ತೆ" ಎಂಬ ಮಾತು ಕೇಳಿತು. ನಾವೆಲ್ಲ ಪರದೆ ನೋಡಿದೆವು. ನಮ್ಮ ಸರ್ವರಿನ ತಂತಿ ಕಿತ್ತು ಅವನ ಕೈಯಲ್ಲಿದೆ, ಅದರ ವಿಳಾಸದಿಂದ ಉತ್ತರ ಮಾತ್ರ ಮೊದಲಿನ ಹಾಗೇ ಬರುತ್ತಿದೆ.

"ಅಲ್ಲಿ ಇನ್ನೇನಿದೆ ಚಿಚೊ, ತಂತಿ ಇರೋದು?"

"ನಿನ್ನೆ ಸಂಜೆ ತಂದಿಟ್ಟರಲ್ಲ, ಆ ಪೆಟ್ಟಿಗೆ. ಹಸಿರು ದೀಪದ್ದು."

"ಯಾವ ಪೆಟ್ಟಿಗೆ?"

ರಾಯ್ನಾ ನೆಲ ನೋಡಿದಳು. ಪ್ರಾತ್ಯಕ್ಷಿಕೆಗೆಂದು ಕಂಪನಿಯ ಒಂದು ಯಂತ್ರವನ್ನು ಅಲ್ಲಿಡಲು ಅವಳೇ ಒಪ್ಪಿದ್ದಳು. ಸೆವ್ದಾಗೆ ಹೇಳಿದರೆ ರಂಪ ಮಾಡುತ್ತಾಳೆಂದು ಹೇಳಿರಲಿಲ್ಲ.

"ಅದರ ತಂತಿ ಕೀಳಿ" ಎಂದಳು ಸೆವ್ದಾ.

ಚಿಚೊ ಪೆನ್ಯೊ ಕಿತ್ತ. ಪರದೆಯ ಮೇಲಿನ ಉತ್ತರ ಪಟ್ಟನೆ ನಿಂತಿತು.

ದಾಮ್ಯಾನ್ ತಾನಾಗಿಯೇ, "ನಾವೇನೂ ಬೇಕಂತ ಮಾಡಿದ್ದಲ್ಲ, ನಮ್ಮ ಪೆಟ್ಟಿಗೆ ಹಾಗೆಲ್ಲ ಮಾಡಲ್ಲ" ಎಂದು ಶುರುಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನನ್ನು ಇನ್ನೂ ಯಾರೂ ಏನೂ ಅಂದಿರಲಿಲ್ಲ.

"ಚಿಚೊ, ನಿನ್ನೆ ಕರೆಂಟ್ ಹೋಗಿತ್ತಾ?"

"ಹೋಗಿಲ್ಲ. ನಾನೇ ತೆಗೆದೆ." ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. "ಮನೆಗೆ ಹೊರಟಾಗ ನೋಡ್ತೀನಿ, ಯಾರೂ ಇಲ್ಲದ ನೆಲಮಾಳಿಗೇಲಿ ಹಸಿರು ದೀಪ ಧಗಧಗ ಉರೀತಿದೆ. ಯಾರಪ್ಪನ ಗಂಟು ಅಂತ? ಮೇನ್ ಸ್ವಿಚ್ಚೇ ಆರಿಸಿಬಿಟ್ಟೆ. ಬೆಳಗ್ಗೆ ಬಂದು ಹಾಕಿದೀನಿ."

ನಾವು ಗಾಬ್ರೊವೊದವರು. ಎಂಜಲು ಕೈಯಲ್ಲಿ ಕಾಗೆ ಓಡಿಸದವರು ಎಂದು ದೇಶವೆಲ್ಲ ನಮ್ಮನ್ನು ಆಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಬಾಗಿಲು ಬೇಗ ಮುಚ್ಚಲೆಂದು ಬೆಕ್ಕಿನ ಬಾಲ ಕತ್ತರಿಸುವವರಂತೆ ನಾವು. ನಮ್ಮ ಸರ್ವರ್ ಕಪಾಟಿನೊಳಗಿತ್ತು, ಅದರ ದೀಪ ಚಿಚೊ ಪೆನ್ಯೊನ ಕಣ್ಣಿಗೆ ಬಿದ್ದಿರಲಿಲ್ಲ; ಅದಕ್ಕೇ ಇಷ್ಟು ವರ್ಷ ಬದುಕಿಕೊಂಡಿತ್ತು. ಆದದ್ದೇನೆಂದು ಸೆವ್ದಾ ಬಿಡಿಸಿ ಹೇಳಿದಳು: ಬೆಳಗ್ಗೆ ಕರೆಂಟ್ ಬಂದಾಗ ಕಂಪನಿಯ ಹೊಸ ಪೆಟ್ಟಿಗೆ ಚಕ್ಕನೆ ಎದ್ದು ವಿಳಾಸ ಕೇಳಿತು. ವಿಳಾಸ ಹಂಚುವ ರೂಟರ್ ಹಳೆಯದನ್ನೆಲ್ಲ ಮರೆತಿತ್ತು, ಮೊದಲು ಕೇಳಿದವರಿಗೆ ಮೊದಲ ವಿಳಾಸ ಕೊಟ್ಟಿತು. ನಮ್ಮ ಮುದಿ ಸರ್ವರ್ ಮೈ ಮುರಿದು ಏಳುವಷ್ಟರಲ್ಲಿ ಅದರ ಮನೆಯಲ್ಲಿ ಬೇರೆಯವರು ಕೂತಿದ್ದರು.

"ತಪ್ಪು ನನ್ನದೂ ಇದೆ" ಎಂದಳು ಸೆವ್ದಾ. ಅವಳ ಬಾಯಲ್ಲಿ ಆ ಮಾತು ಕೇಳಿದ್ದು ನಾನು ಅದೇ ಮೊದಲು. "ಆ ವಿಳಾಸ ಸರ್ವರಿಗೇ ಮೀಸಲು ಅಂತ ರೂಟರಿಗೆ ಎಂದೋ ಹೇಳಿಡಬೇಕಿತ್ತು. ಯಾವತ್ತೂ ಆರಿಲ್ಲವಲ್ಲ ಅಂತ ಸುಮ್ಮನಿದ್ದೆ."

ಆಗಲೇ ಅದನ್ನು ಮಾಡಿದಳು. ಚಿಚೊ ಪೆನ್ಯೊ ಪೆಟ್ಟಿಗೆಯನ್ನು ಹೊರಗಿಟ್ಟು, ಸರ್ವರಿನ ತಂತಿ ಸಿಕ್ಕಿಸಿ, ಅದನ್ನು ಮತ್ತೆ ಎಬ್ಬಿಸಿದ. ಈ ಸಲ ಕಪ್ಪು ಪರದೆ ಒಂದೂ ಎಚ್ಚರಿಕೆ ಹೇಳದೆ ಪಾಸ್‌ವರ್ಡ್ ಕೇಳಿತು. ಯಂತ್ರಗಳ ಕೆಂಪು ದೀಪಗಳು ಒಂದೊಂದಾಗಿ ಆರಿದವು.

"ಆಕಸ್ಮಿಕ ಅಷ್ಟೆ ಇದು" ಎಂದ ದಾಮ್ಯಾನ್.

"ನಿಮ್ಮ ಪೆಟ್ಟಿಗೆ ಅಲ್ಲಿ ಕೂತಿದ್ದು ಆಕಸ್ಮಿಕ, ಒಪ್ಪಿದೆ. ನಾನು 'ಯೆಸ್' ಹೊಡೆದು ಪಾಸ್‌ವರ್ಡ್ ಕೊಟ್ಟಿದ್ರೆ ಅದು ನೇರ ನಿಮ್ಮ ಪೆಟ್ಟಿಗೆಗೆ ಹೋಗ್ತಿತ್ತು. ಯಾರು ಅಂತ ಕೇಳ್ದೆ ನಂಬು ಅಂದ್ರಲ್ಲ, ಅದು ಆಕಸ್ಮಿಕ ಅಲ್ಲ. ಅದು ನಿಮ್ಮ ಅಭ್ಯಾಸ. ಅಂಥವರ ಕೈಗೆ ನಮ್ಮ ಡಿಸೈನ್ ಕೊಡಬೇಕಾ?"

ಆಟ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ದಾಮ್ಯಾನ್ ದಡ್ಡನಲ್ಲ. ಕುರ್ಚಿಯಿಂದ ಎದ್ದು ಕೋಟು ಸರಿಮಾಡಿಕೊಂಡು, ಸೆವ್ದಾಳನ್ನು ಬಿಟ್ಟು ನಮ್ಮನ್ನು ನೋಡಿ ಮಾತಾಡಿದ.

"ಸರಿ. ಇವತ್ತು ಇವರಿದ್ರು, ಬಚಾವಾದ್ರಿ. ಇವರಿಗೆ ವಯಸ್ಸೆಷ್ಟು? ನಾಳೆ ಇವರು ಹಾಸಿಗೆ ಹಿಡಿದ್ರೆ ಆ ಸರ್ವರಿನೊಳಗೆ ಹೋಗೋಕೆ ನಿಮ್ಮಲ್ಲಿ ಯಾರಿಗೆ ಬರುತ್ತೆ? ಕೈಯೆತ್ತಿ ನೋಡೋಣ."

ಒಂದು ಕೈಯೂ ಏಳಲಿಲ್ಲ. ನಾನು ನಮ್ಮವರ ಮುಖ ನೋಡಿದೆ. ಬೇಡ ಎನ್ನಲು ಬಂದವರೂ ಬೆರಳು ಹಿಸುಕಿಕೊಳ್ಳುತ್ತಿದ್ದರು. ಅವನ ಮಾತು ನಿಜ, ಅದೇ ಸಂಕಟ. ಅಷ್ಟು ಹೊತ್ತು ಯಾರಿಗೂ ಬಗ್ಗದ ಹೆಂಗಸು ಇದ್ದಕ್ಕಿದ್ದ ಹಾಗೆ ಮುದುಕಿಯಾಗಿ ಕಂಡಳು. ನನಗೆ ಸಿಟ್ಟು ಬಂತು.

"ಉತ್ತರ ಹೇಳೇ ಸೆವ್ದಾ" ಎಂದೆ. "ಚಿಚೊ ಪೆನ್ಯೊ ಕರೆಂಟಿನಲ್ಲಿ ಜಿಪುಣ, ನೀನು ವಿದ್ಯೇಲಿ ಜಿಪುಣಿ. ಇಷ್ಟು ವರ್ಷ ಒಬ್ಬಳಿಗಾದ್ರೂ ತೋರಿಸಿದ್ದೀಯಾ? ನೀನು ಸತ್ತರೆ ಮಾರಿಯ್ಕಾಳ ಗುಲಾಬಿ ಬಳ್ಳೀನೂ ನಿನ್ನ ಜತೆ ಮಣ್ಣಿಗೆ ಹೋಗುತ್ತೆ. ಅದಕ್ಕಿಂತ ಇವರಿಗೆ ಕೊಡೋದೇ ವಾಸಿ."

ಅವಳು ನನ್ನನ್ನು ದುರುಗುಟ್ಟಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ನಿನಗೆ ಕಲಿಸೋಣ ಅಂದ್ರೆ ತಲೆಯಲ್ಲಿ ಬರೀ ನೂಲು ತುಂಬಿದೆ" ಎಂದಳು ಕೊನೆಗೆ. "ನಾನು ಬೇಡದವಳಾಗಿಬಿಡ್ತೀನಿ ಅನ್ನೋ ಭಯ ಕಣೆ. ಕಾರ್ಖಾನೆಯಲ್ಲಿ ಕಲಿಸಿಕೊಟ್ಟೆ, ಕಲಿತವರನ್ನ ಇಟ್ಕೊಂಡು ನನ್ನನ್ನ ಮನೆಗೆ ಕಳಿಸಿದ್ರು."

ಆ ಮಾತನ್ನು ಅವಳು ನಮಗೆಂದೂ ಹೇಳಿರಲಿಲ್ಲ. ರಾಯ್ನಾ ಕಣ್ಣು ಒರೆಸಿಕೊಂಡಳು.

ಸೆವ್ದಾ ದಾಮ್ಯಾನ್ ಕಡೆ ತಿರುಗಿದಳು. "ನೀವು ಸ್ವಲ್ಪ ಹೊರಗೆ ನಿಲ್ಲಿ. ಬಾನಿತ್ಸಾ ಉಳಿದಿದೆ, ತಗೊಂಡ್ಹೋಗಿ ತಿನ್ನಿ."

ಅವನು ರಾಯ್ನಾಳನ್ನು ನೋಡಿದ. ರಾಯ್ನಾ ಬಾಗಿಲು ತೋರಿಸಿದಳು. ಅವನು ಹೋದ. ಸೆವ್ದಾ ಬಾಗಿಲು ಹಾಕಿ ಬಂದು ನಮಗೆ ಪಾಸ್‌ವರ್ಡ್ ಹೇಳಿದಳು, ಒಂದೊಂದೇ ಅಕ್ಷರ, ಹಲ್ಲು ಕೀಳಿಸಿಕೊಳ್ಳುವವಳಂತೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಆಮೇಲೆ ಕುರ್ಚಿಯಿಂದ ಎದ್ದು ರಾಯ್ನಾಳ ಭುಜ ಹಿಡಿದು ಅದರಲ್ಲಿ ಕೂರಿಸಿದಳು.

"ನಾನಾ?" ಎಂದಳು ರಾಯ್ನಾ. "ನಾನು ನಿನ್ನ ವಿರುದ್ಧ ಇದ್ದವಳು ಕಣೆ."

"ಅದಕ್ಕೇ ನೀನು. ನಿನಗೆ ಬಂದ್ರೆ ಎಲ್ಲರಿಗೂ ಬಂದ ಹಾಗೆ. ಹೂಂ, ಮೊದಲು ಕೂಗು ಹಾಕು. ಆಮೇಲೆ ಗುರುತು ನೋಡು. ಆತುರ ಬೇಡ."

ರಾಯ್ನಾ ಒಂದು ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತತೊಡಗಿದಳು. ಎರಡು ಸಲ ತಪ್ಪಿದಳು, ಎರಡು ಸಲವೂ ಸೆವ್ದಾ ಅವಳ ಬೆರಳು ಹಿಡಿದು ಸರಿಯಾದ ಕಡೆ ಇಟ್ಟಳು. ನಾನು ಹಿಂದೆ ನಿಂತು, ಇನ್ನು ಕಾಯುವುದೇನಿದೆ ಎಂದು, "ಡಿಸೈನ್ ಕೊಡೋದು ಬೇಡ ಅನ್ನೋರು ಕೈಯೆತ್ತಿ" ಎಂದು ಕೂಗಿದೆ.

ಏಳು ಕೈ ಎದ್ದವು. ಕುರ್ಚಿಯ ಹತ್ತಿರದ ಇಬ್ಬರದು ಏಳಲಿಲ್ಲ.

"ನಿಮ್ಮದು?" ಎಂದೆ.

ರಾಯ್ನಾ ಪರದೆಯಿಂದ ಕಣ್ಣು ಕೀಳಲಿಲ್ಲ. "ನಮ್ಮ ಕೈ ಖಾಲಿ ಇಲ್ಲ" ಎಂದಳು. "ನಮ್ಮಿಬ್ಬರದನ್ನೂ ಸೇರಿಸಿ ಎಣಿಸಿಕೋ."